ಓದುಗರ ಗುಟ್ಟು: ಕಿನ್ನಾಳದ ಕಲೆಯ ಅರಿವು ಮತ್ತು ವಿಶ್ವವಿದ್ಯಾಲಯ ಗ್ರಂಥಾಲಯಗಳ ದಾಖಲೆ

ಕೊಪ್ಪಳ ತಾಲ್ಲೂಕಿನ ಕಿನ್ನಾಳದ ಚಿತ್ರಗಾರರನ್ನು ಕುರಿತ ಬರೆಹಗಳಲ್ಲಿ ಒಂದು ಮಾತು ತಪ್ಪದೆ ಬರುತ್ತದೆ. ಈ ಮನೆತನಗಳು ತಮ್ಮ ಕಸುಬಿನ ಒಳಗುಟ್ಟನ್ನು ಹೊರಗಿನವರಿಗೆ ಬಿಟ್ಟುಕೊಡುವುದಿಲ್ಲ, ಮದುವೆಯಾಗಿ ಬೇರೆ ಮನೆ ಸೇರುವ ಹೆಣ್ಣುಮಕ್ಕಳಿಗೂ ಅದನ್ನು ಹೇಳಿಕೊಡುತ್ತಿರಲಿಲ್ಲ ಎಂಬುದು ಆ ಮಾತು. ಸೋಜಿಗವೆಂದರೆ, ಗುಟ್ಟಿನ ಪ್ರಸ್ತಾಪ ಮಾಡುವ ಪುಟದ ಆಚೆಗೇ ಆ ಗುಟ್ಟಿನ ವಿವರವೂ ಇರುತ್ತದೆ. ಹಗುರ ಮರವನ್ನು ಕೆತ್ತಿ ಬಿಡಿಭಾಗಗಳನ್ನು ಜೋಡಿಸುವುದು, ಹುಣಸೆಬೀಜವನ್ನು ನೆನೆಸಿ ಅರೆದು ಅಂಟು ಮಾಡುವುದು, ಆ ಅಂಟಿಗೆ ಮರದ ಹೊಟ್ಟು ಬೆರೆಸಿ ಕಿಟ್ಟ ತಯಾರಿಸುವುದು, ಸೆಣಬಿನ ಚಿಂದಿಯನ್ನು ನೆನೆಸಿ ಒಣಗಿಸಿ ಪುಡಿಮಾಡಿ ಮೆತ್ತುವುದು, ಕಲ್ಲಿನ ಪುಡಿಯ ಲೇಪದಿಂದ ಮೈಯನ್ನು ನುಣುಪಾಗಿಸುವುದು, ಕೊನೆಗೆ ತವರದಿಂದ ಬಂಗಾರದ ಮೆರುಗು ತರಿಸುವ ಲಾಜವಾರದ ಕೆಲಸ, ಇಷ್ಟೂ ಅಚ್ಚಾಗಿವೆ. 1999ರ ಕಾಯಿದೆಯ ಅಡಿಯಲ್ಲಿ ಕಿನ್ನಾಳದ ಆಟಿಕೆಗಳು ಭೌಗೋಳಿಕ ಸೂಚಕವಾಗಿ ನೋಂದಣಿ ಪಡೆದ ಮೇಲಂತೂ ತಯಾರಿಕೆಯ ಕ್ರಮ ಸರ್ಕಾರಿ ದಾಖಲೆಯ ಭಾಗವೇ ಆಯಿತು. ಆ ನೋಂದಣಿಗೆ ಕ್ರಮವನ್ನು ವಿವರಿಸುವುದು ಕಡ್ಡಾಯ.

ಹೀಗೆ ಮನೆಯೊಳಗಿದ್ದ ಅರಿವು ಗ್ರಂಥಾಲಯದ ಕಪಾಟಿಗೆ ಬಂದು ನೂರಾರು ಜನರ ಕಣ್ಣಿಗೆ ಬಿದ್ದಿದೆ. ಮಾಡುವವರ ಗುಟ್ಟು ಬಯಲಾದ ಈ ಕಥೆಯನ್ನು ಜಾನಪದ ವಿದ್ವಾಂಸರು ಸಾಕಷ್ಟು ಚರ್ಚಿಸಿದ್ದಾರೆ. ಆದರೆ ಅದೇ ಕಪಾಟಿನ ಮುಂದೆ ನಿಂತು ಆ ಪುಸ್ತಕವನ್ನು ತೆಗೆದುಕೊಂಡವರು ಯಾರು, ಅವರು ಅದರ ಜೊತೆಗೆ ಇನ್ನೇನು ಓದಿದರು, ಎಷ್ಟು ದಿನ ಇಟ್ಟುಕೊಂಡರು ಎಂಬ ಸಂಗತಿಗಳು ಎಲ್ಲಿ ದಾಖಲಾಗುತ್ತವೆ, ಅವುಗಳ ಮೇಲೆ ಯಾರಿಗೆ ಹಕ್ಕಿದೆ ಎಂಬ ಪ್ರಶ್ನೆಯತ್ತ ಗಮನ ಹರಿದಿಲ್ಲ. ಕೊಪ್ಪಳ ಸೀಮೆಯ ಅನುಭವವನ್ನು ಮುಂದಿಟ್ಟುಕೊಂಡು, ಓದುಗರ ಖಾಸಗಿತನದ ಚರಿತ್ರೆಯನ್ನು ಗ್ರಂಥಾಲಯ ದಾಖಲೆಗಳ ಚರಿತ್ರೆಯೊಡನೆ ಇಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಪದದ ಮಾತು. ‘ಖಾಸಗಿ’ ಎಂಬುದು ಪಾರಸಿ ಆಡಳಿತದ ಮೂಲಕ ಕನ್ನಡಕ್ಕೆ ಬಂದ ಶಬ್ದ. ಹೈದರಾಬಾದ್ ಸಂಸ್ಥಾನದಲ್ಲಿ ನಿಜಾಮನ ಸ್ವಂತ ಆದಾಯಕ್ಕೆ ಸೇರಿದ ಭೂಮಿಯನ್ನು ‘ಸರ್ಫ್-ಎ-ಖಾಸ್’ ಎನ್ನುತ್ತಿದ್ದರು. ಅಂದರೆ ಆ ಕಾಲದ ದಫ್ತರಿನ ಭಾಷೆಯಲ್ಲಿ ‘ಖಾಸ್’ ದೊರೆಗೆ ಅಂಟಿಕೊಂಡ ಪದ. ರೈತನಿಗೆ ಸಾಗುವಳಿ ಇತ್ತು, ಜಹಗೀರುದಾರನಿಗೆ ಜಹಗೀರು ಇತ್ತು, ಖಾಸಾ ಎನ್ನುವುದು ದೊರೆಯದು. ಜನರ ನುಡಿಯಲ್ಲಿ ಇದಕ್ಕೆ ಹತ್ತಿರವಾಗಿದ್ದವು ಗುಟ್ಟು, ಮರೆ, ಮಾನ, ಒಳಮನೆ ಎಂಬ ಮಾತುಗಳು. ಈ ಪದಗಳ ಬಳಕೆಯನ್ನು ಗಮನಿಸಿದರೆ ಒಂದು ಅಂಶ ಸ್ಪಷ್ಟವಾಗುತ್ತದೆ. ಗುಟ್ಟು ಮನೆತನದ್ದು, ಮಾನ ಕುಲದ್ದು, ಒಳಮನೆ ಕುಟುಂಬದ್ದು. ಒಬ್ಬಂಟಿ ವ್ಯಕ್ತಿಗೆ, ಅದರಲ್ಲೂ ಮನೆಯವರಿಂದಲೇ ಮರೆ ಬೇಕಾದ ವ್ಯಕ್ತಿಗೆ, ಇವುಗಳಲ್ಲಿ ಜಾಗ ಕಡಿಮೆ. ಕಿನ್ನಾಳದ ಕಸುಬಿನ ಗುಟ್ಟನ್ನು ಓದುಗರ ಗುಟ್ಟಿಗೆ ಹೋಲಿಸಿ ‘ನಮ್ಮ ಪರಂಪರೆಯಲ್ಲೇ ಖಾಸಗಿತನವಿತ್ತು’ ಎಂದು ಸಮಾಧಾನಪಡುವುದು ಸುಲಭ. ಆದರೆ ಅದು ಸರಿಯಲ್ಲ. ಮಗಳಿಂದ ಮುಚ್ಚಿಟ್ಟ ವಿದ್ಯೆ ಮತ್ತು ಮಗಳು ಮುಚ್ಚಿಟ್ಟು ಓದಿದ ಪುಸ್ತಕ ಇವೆರಡೂ ಒಂದೇ ಬಗೆಯ ಗುಟ್ಟುಗಳಲ್ಲ. ಮೊದಲನೆಯದು ಮನೆತನದ ಅಧಿಕಾರವನ್ನು ಕಾಯುತ್ತದೆ, ಎರಡನೆಯದು ಆ ಅಧಿಕಾರದಿಂದ ಒಬ್ಬಳನ್ನು ಕಾಯುತ್ತದೆ.

ಕೊಪಣದಿಂದ ನಿಜಾಮನ ಕಾಲದವರೆಗೆ

ಕೊಪ್ಪಳಕ್ಕೆ ಗ್ರಂಥದ ನಂಟು ಹೊಸದಲ್ಲ. ಕವಿರಾಜಮಾರ್ಗವು ತಿರುಳ್ಗನ್ನಡದ ನೆಲೆಗಳನ್ನು ಗುರುತಿಸುವಾಗ ಕಿಸುವೊಳಲ್, ಪುಲಿಗೆರೆ, ಒಂಕುಂದಗಳ ಜೊತೆಗೆ ಕೊಪಣ ನಗರವನ್ನೂ ಹೆಸರಿಸಿದೆ. ಜೈನ ತೀರ್ಥವಾಗಿದ್ದ ಈ ಊರಿನ ಸುತ್ತಣ ಪ್ರದೇಶದಲ್ಲಿ ಶಾಸ್ತ್ರದಾನ ದೊಡ್ಡ ಪುಣ್ಯಕಾರ್ಯವಾಗಿತ್ತು. ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಮಾಡಿಸಿ ಹಂಚಿದ ಅತ್ತಿಮಬ್ಬೆಯ ನೆಲೆಯಾದ ಲಕ್ಕುಂಡಿ ಇಲ್ಲಿಗೆ ದೂರವಲ್ಲ. ಓಲೆಗರಿಯ ಕಟ್ಟುಗಳ ಕೊನೆಯ ಬರೆಹಗಳಲ್ಲಿ ಪ್ರತಿ ಮಾಡಿಸಿದವರ ಹೆಸರು, ಪ್ರತಿ ಮಾಡಿದ ಲಿಪಿಕಾರನ ಹೆಸರು, ಸಂವತ್ಸರ, ತಿಥಿ ಸಿಗುತ್ತವೆ. ಬರೆದವನು ಕೈತಪ್ಪುಗಳಿಗೆ ಕ್ಷಮೆ ಕೇಳುವುದೂ ಉಂಟು. ಆದರೆ ಆ ಗ್ರಂಥವನ್ನು ಅನಂತರ ಓದಿದವರ ಪಟ್ಟಿ ಇಡುವ ಕ್ರಮ ಇರಲಿಲ್ಲ. ದಾನ ಕೊಟ್ಟವರ ಹೆಸರು ಪುಣ್ಯಕ್ಕಾಗಿ ಉಳಿಯಬೇಕಿತ್ತು. ಓದುವವರ ಹೆಸರಿನಿಂದ ಯಾರಿಗೂ ಪ್ರಯೋಜನವಿರಲಿಲ್ಲ. ಇದನ್ನು ಖಾಸಗಿತನದ ಗೌರವ ಎಂದು ಕರೆಯುವಂತಿಲ್ಲ. ಓದುವ ಅವಕಾಶವೇ ಕೆಲವೇ ಕುಲಗಳಿಗೆ, ಮಠ ಬಸದಿಗಳ ಒಳವಲಯಕ್ಕೆ ಸೀಮಿತವಾಗಿದ್ದಾಗ ಓದುಗರನ್ನು ಪ್ರತ್ಯೇಕವಾಗಿ ಎಣಿಸುವ ಅಗತ್ಯವೇ ಬೀಳುವುದಿಲ್ಲ.

ವಸಾಹತು ಆಡಳಿತ ಎಣಿಕೆಯನ್ನು ಶುರುಮಾಡಿದ್ದು ಪುಸ್ತಕದಿಂದ. ಬ್ರಿಟಿಷ್ ಪ್ರಾಂತ್ಯಗಳಲ್ಲಿ 1867ರ ಮುದ್ರಣಾಲಯ ಮತ್ತು ಪುಸ್ತಕಗಳ ನೋಂದಣಿ ಕಾಯಿದೆ ಪ್ರತಿಯೊಂದು ಅಚ್ಚಾದ ಪುಸ್ತಕದ ಶೀರ್ಷಿಕೆ, ಕರ್ತೃ, ಮುದ್ರಕ, ಬೆಲೆ, ಪ್ರತಿಗಳ ಸಂಖ್ಯೆ ಇವನ್ನೆಲ್ಲ ಸರ್ಕಾರಕ್ಕೆ ಒಪ್ಪಿಸುವಂತೆ ಮಾಡಿತು. ಧಾರವಾಡ, ಬಳ್ಳಾರಿ ಜಿಲ್ಲೆಗಳಲ್ಲಿ ಪ್ರಕಟವಾದ ಕನ್ನಡ ಪುಸ್ತಕಗಳ ಬಗ್ಗೆ ಇಂದಿನ ಸಂಶೋಧಕರಿಗೆ ಇರುವ ತಿಳಿವಳಿಕೆಗೆ ಈ ಕಾಯಿದೆಯಡಿ ಸಿದ್ಧವಾದ ಪಟ್ಟಿಗಳ ಋಣ ದೊಡ್ಡದು. ಕಾವಲಿಗಾಗಿ ಹುಟ್ಟಿದ ದಾಖಲೆ ಚರಿತ್ರೆಕಾರನ ಆಕರವಾಗುವ ಈ ವಿಪರ್ಯಾಸವನ್ನು ಮರೆಯಬಾರದು, ಮುಂದೆ ಗ್ರಂಥಾಲಯದ ದತ್ತಾಂಶದ ವಿಚಾರದಲ್ಲೂ ಇದು ಎದುರಾಗುತ್ತದೆ.

ಕೊಪ್ಪಳ ಆ ಗಡಿಯ ಈಚೆಗಿತ್ತು. ಕೊಪ್ಪಳ ಮತ್ತು ಯಲಬುರ್ಗಾ ಭಾಗಗಳು ಸಾಲಾರ್‌ಜಂಗ್ ಮನೆತನದ ಜಹಗೀರಿಗೆ ಸೇರಿದ್ದವು. ಜಹಗೀರುಗಳು ರದ್ದಾದದ್ದು 1949ರಲ್ಲಿ. ಹೈದರಾಬಾದ್ ಸಂಸ್ಥಾನದಲ್ಲಿ 1891ರಲ್ಲೇ ಆಸಫಿಯಾ ಗ್ರಂಥಾಲಯ ಸ್ಥಾಪನೆಯಾಗಿತ್ತು, 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಬಂದಿತ್ತು. ಎರಡೂ ರಾಜಧಾನಿಯಲ್ಲಿದ್ದವು, ಉರ್ದುವಿನ ಆಶ್ರಯದಲ್ಲಿದ್ದವು. ಜಿಲ್ಲೆಗಳಲ್ಲಿ ಜನರೇ ಮುಂದಾಗಿ ವಾಚನಾಲಯ ತೆರೆಯುವುದು ರಾಜಕೀಯ ಕೃತ್ಯದಂತೆಯೇ ಕಾಣುತ್ತಿತ್ತು. 1920ರ ದಶಕದ ‘ಗಸ್ತಿ ನಿಶಾನ್ 53’ ಎಂಬ ಸುತ್ತೋಲೆಯ ಪ್ರಕಾರ ಸಾರ್ವಜನಿಕ ಸಭೆಗಳಿಗೆ ಮುಂಗಡ ಅನುಮತಿ ಬೇಕಿತ್ತು. ತೆಲುಗು, ಕನ್ನಡ, ಮರಾಠಿ ಮೂರೂ ಭಾಷಿಕರು ಸಾಹಿತ್ಯದ ಹೆಸರಿನಲ್ಲಿ ಒಟ್ಟುಸೇರುವ ದಾರಿ ಹುಡುಕಿದ್ದು ಈ ಬಿಗಿಯ ನಡುವೆ. 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ರಾಯಚೂರಿನಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದದ್ದು ಈ ಭಾಗದ ಓದುಬಲ್ಲವರಿಗೆ ಏನಾಗಿತ್ತು ಎಂಬುದು ಇಂಥ ಹಿನ್ನೆಲೆಯಲ್ಲಿ ಅರ್ಥವಾಗುತ್ತದೆ. 1947-48ರಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಯವರ ಮುಂದಾಳುತನದಲ್ಲಿ ಗಡಿಯಾಚೆಯ ಮುಂಡರಗಿಯಲ್ಲಿ ಶಿಬಿರ ನಡೆದಾಗ, ಕೊಪ್ಪಳ ಸೀಮೆಯಲ್ಲಿ ಯಾರ ಕೈಯಲ್ಲಿ ಯಾವ ಕಾಗದವಿದೆ ಎಂಬುದು ಜೀವದ ಪ್ರಶ್ನೆಯಾಗಿತ್ತು. ಈ ನಾಡಿನಲ್ಲಿ ‘ಏನು ಓದುತ್ತೀ?’ ಎಂಬುದು ಎಲ್ಲ ಕಾಲಕ್ಕೂ ಮುಗ್ಧ ಪ್ರಶ್ನೆಯಾಗಿರಲಿಲ್ಲ.

ಟಿಕೀಟಿನ ಚೀಲ

ಸ್ವಾತಂತ್ರ್ಯಾನಂತರದ ಗ್ರಂಥಾಲಯಗಳ ದಾಖಲೆ ಪದ್ಧತಿಯನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ನೋಡಬೇಕು. ಗ್ರಂಥಾಲಯ ವಿಜ್ಞಾನದ ಪಠ್ಯಗಳಲ್ಲಿ ಇದು ಬರಿಯ ಕಾರ್ಯವಿಧಾನವಾಗಿ ಬಂದು ಹೋಗುತ್ತದೆ, ಅದರ ಸಾಮಾಜಿಕ ಅರ್ಥವನ್ನು ಯಾರೂ ಹೇಳುವುದಿಲ್ಲ.

ಪುಸ್ತಕ ಎರವಲು ಕೊಡುವ ಅತ್ಯಂತ ಹಳೆಯ ವಿಧಾನ ಖಾತೆ ಪುಸ್ತಕದ್ದು. ಸದಸ್ಯನ ಹೆಸರಿಗೊಂದು ಪುಟ. ಆ ಪುಟದಲ್ಲಿ ಆತ ಒಯ್ದ ಪುಸ್ತಕಗಳ ಹೆಸರು, ಒಯ್ದ ದಿನ, ಮರಳಿಸಿದ ದಿನ. ಅಂಗಡಿಯ ಉದ್ರಿ ಖಾತೆಯ ಹಾಗೆ. ಸಾಲ ತೀರಿದರೂ ಬರೆಹ ಉಳಿಯುತ್ತದೆ. ಅಮೆರಿಕದಿಂದ ಬಂದ ನೆವಾರ್ಕ್ ಪದ್ಧತಿಯಲ್ಲಿ ಪುಸ್ತಕಕ್ಕೊಂದು ಕಾರ್ಡು ಇದ್ದು ಅದರ ಮೇಲೆ ಒಯ್ದವರ ಸಂಖ್ಯೆ ಅಥವಾ ಹೆಸರನ್ನು ಒಂದರ ಕೆಳಗೊಂದು ಬರೆಯಲಾಗುತ್ತಿತ್ತು. ಹೊಸದಾಗಿ ಪುಸ್ತಕ ಒಯ್ಯುವವನಿಗೆ ತನಗಿಂತ ಮೊದಲು ಅದನ್ನು ಓದಿದವರ ಸುಳಿವು ಸಿಗುತ್ತಿತ್ತು.

ನೀನಾ ಬ್ರೌನ್ ರೂಪಿಸಿದ ಪದ್ಧತಿಯ ಗುಣ ಬೇರೆ. ಭಾರತದ ಕಾಲೇಜು, ವಿಶ್ವವಿದ್ಯಾಲಯ ಗ್ರಂಥಾಲಯಗಳಲ್ಲಿ ಬಹುಕಾಲ ವ್ಯಾಪಕವಾಗಿ ಬಳಕೆಯಲ್ಲಿದ್ದುದು ಇದೇ. ಇದರಲ್ಲಿ ಓದುಗನಿಗೆ ಚೀಲದಂಥ ಕೆಲವು ಟಿಕೀಟುಗಳನ್ನು ಕೊಡಲಾಗುತ್ತದೆ. ಪುಸ್ತಕದ ಒಳಗೆ ಅದರದೇ ಒಂದು ಚೀಟಿ ಇರುತ್ತದೆ. ಪುಸ್ತಕ ಒಯ್ಯುವಾಗ ಆ ಚೀಟಿಯನ್ನು ಓದುಗನ ಟಿಕೀಟಿನ ಚೀಲದೊಳಗೆ ಸೇರಿಸಿ, ಮರಳಿಸಬೇಕಾದ ದಿನಾಂಕದ ಹಿಂದೆ ತಟ್ಟೆಯಲ್ಲಿ ಜೋಡಿಸುತ್ತಾರೆ. ಪುಸ್ತಕ ಮರಳಿ ಬಂದಾಗ ಜೋಡಿಯನ್ನು ಬಿಡಿಸಿ, ಚೀಟಿಯನ್ನು ಪುಸ್ತಕಕ್ಕೂ ಟಿಕೀಟನ್ನು ಓದುಗನಿಗೂ ಕೊಡುತ್ತಾರೆ. ಅಲ್ಲಿಗೆ ಮುಗಿಯಿತು. ಯಾರು ಯಾವ ಪುಸ್ತಕ ಒಯ್ದಿದ್ದರು ಎಂಬುದಕ್ಕೆ ಯಾವ ಕುರುಹೂ ಉಳಿಯುವುದಿಲ್ಲ. ಪುಸ್ತಕದ ಕೊನೆಯಲ್ಲಿ ಅಂಟಿಸಿದ ಚೀಟಿಯಲ್ಲಿ ದಿನಾಂಕಗಳ ಮುದ್ರೆ ಮಾತ್ರ ಇರುತ್ತದೆ. ಆ ಪುಸ್ತಕಕ್ಕೆ ಬೇಡಿಕೆ ಇತ್ತೇ ಇಲ್ಲವೇ ಎಂದು ತಿಳಿಯಲು ಅಷ್ಟು ಸಾಕು.

ಈ ಪದ್ಧತಿ ರೂಢಿಗೆ ಬಂದದ್ದು ವೇಗಕ್ಕಾಗಿ, ಖಾಸಗಿತನಕ್ಕಾಗಿ ಅಲ್ಲ. ಓದುಗರ ಸಮಯವನ್ನು ಉಳಿಸಬೇಕೆಂಬುದು 1931ರಲ್ಲಿ ಐದು ಸೂತ್ರಗಳನ್ನು ಪ್ರಕಟಿಸಿದ ಎಸ್.ಆರ್. ರಂಗನಾಥನ್ ಅವರ ನಾಲ್ಕನೆಯ ಸೂತ್ರ. 1957ರಿಂದ ಬೆಂಗಳೂರಿನಲ್ಲಿ ನೆಲೆಸಿ, 1962ರಲ್ಲಿ ಅಲ್ಲಿ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದ ರಂಗನಾಥನ್ ಅವರ ಶಿಷ್ಯಪರಂಪರೆ ಕರ್ನಾಟಕದ ಗ್ರಂಥಾಲಯಗಳನ್ನು ರೂಪಿಸಿತು. ಆದರೂ ಸಮಯ ಉಳಿಸಲು ಬಂದ ಟಿಕೀಟಿನ ಚೀಲ ತಾನಾಗಿಯೇ ಓದುಗರ ಗುಟ್ಟನ್ನು ಕಾಯಿತು ಎಂಬುದು ಗಮನಾರ್ಹ. ಅದೇ ಹೊತ್ತಿನಲ್ಲಿ ಅಮೆರಿಕದ ಗ್ರಂಥಪಾಲಕರ ಸಂಘ 1939ರ ತನ್ನ ನೀತಿಸಂಹಿತೆಯಲ್ಲೇ ಓದುಗರ ಬಗ್ಗೆ ತಿಳಿದ ಖಾಸಗಿ ಸಂಗತಿಗಳನ್ನು ಗೋಪ್ಯವಾಗಿಡಬೇಕೆಂದು ಬರೆದುಕೊಂಡಿತ್ತು. ಅಲ್ಲಿ ನಿಯಮವಿತ್ತು, ದಾಖಲೆ ಉಳಿಯುತ್ತಿತ್ತು. ಇಲ್ಲಿ ನಿಯಮವಿರಲಿಲ್ಲ, ದಾಖಲೆ ಉಳಿಯುತ್ತಿರಲಿಲ್ಲ. 1955ರ ಹೈದರಾಬಾದ್ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಾಗಲಿ 1965ರ ಕರ್ನಾಟಕದ ಕಾಯಿದೆಯಾಗಲಿ ಮುಖ್ಯವಾಗಿ ಚಿಂತಿಸಿದ್ದು ಕರ, ಸಮಿತಿ, ಶಾಖೆಗಳ ಬಗ್ಗೆ.

ಹಳೆಯ ಪದ್ಧತಿಯನ್ನು ಆದರ್ಶೀಕರಿಸಬೇಕಾಗಿಲ್ಲ. ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ಪುಸ್ತಕ ಕೊಡುವ ಸಹಾಯಕನಿಗೆ ಓದುಗರ ಮನೆತನ, ಜಾತಿ, ಊರು ಎಲ್ಲ ಗೊತ್ತಿರುವುದು ಸಾಮಾನ್ಯ. ಹುಡುಗಿ ಏನು ಓದುತ್ತಾಳೆಂದು ಸಂತೆಯಲ್ಲಿ ಅವಳ ಸೋದರಮಾವನಿಗೆ ಹೇಳಲು ಯಾವ ಯಂತ್ರವೂ ಬೇಕಿರಲಿಲ್ಲ. ಆದರೆ ಮನುಷ್ಯನ ನೆನಪು ಮಸುಕಾಗುತ್ತದೆ. ಅದನ್ನು ಅಕಾರಾದಿಯಲ್ಲಿ ಜೋಡಿಸಲಾಗದು, ಬೆಂಗಳೂರಿಗೆ ಕಳಿಸಲಾಗದು, ಹತ್ತು ವರ್ಷದ ನಂತರ ತೆಗೆದು ನೋಡಲಾಗದು.

ಗಣಕದ ನೆನಪು

ಕೊಪ್ಪಳ ಸೀಮೆಯ ಕಾಲೇಜುಗಳು 1956ರ ನಂತರ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ, 1980ರಿಂದ ಗುಲಬರ್ಗಾ ವಿಶ್ವವಿದ್ಯಾಲಯಕ್ಕೆ, 2010ರಿಂದ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯಕ್ಕೆ ಸೇರಿದವು. ನಂತರ 2022ರ ಶಾಸನದ ಮೂಲಕ ಕೊಪ್ಪಳಕ್ಕೇ ಪ್ರತ್ಯೇಕ ವಿಶ್ವವಿದ್ಯಾಲಯ ಬಂತು. 1991ರಲ್ಲಿ ಹಂಪಿಯಲ್ಲಿ ಸ್ಥಾಪನೆಯಾದ ಕನ್ನಡ ವಿಶ್ವವಿದ್ಯಾಲಯ ಈ ಭಾಗದ ಸಂಶೋಧನಾರ್ಥಿಗಳಿಗೆ ಬಹು ಹತ್ತಿರದ ದೊಡ್ಡ ಗ್ರಂಥಾಲಯ. ಇದೇ ಅವಧಿಯಲ್ಲಿ ಇನ್‌ಫ್ಲಿಬ್‌ನೆಟ್ ಕೇಂದ್ರದ ‘ಸೋಲ್’ ತಂತ್ರಾಂಶ, ನ್ಯೂಜಿಲೆಂಡಿನಲ್ಲಿ ಹುಟ್ಟಿದ ಮುಕ್ತ ತಂತ್ರಾಂಶ ‘ಕೋಹಾ’, ಸರ್ಕಾರದ ‘ಇ-ಗ್ರಂಥಾಲಯ’ ಮುಂತಾದವು ದೇಶದ ಕಾಲೇಜುಗಳನ್ನು ಮುಟ್ಟಿದವು. ಟಿಕೀಟಿನ ಚೀಲದ ಜಾಗಕ್ಕೆ ಬಾರ್‌ಕೋಡ್ ಬಂತು.

ಬದಲಾವಣೆಯನ್ನು ಎಲ್ಲರೂ ವೇಗದ ಹೆಸರಿನಲ್ಲೇ ಸ್ವಾಗತಿಸಿದರು. ಅದರ ಒಳಗೆ ನಡೆದುಹೋದ ಇನ್ನೊಂದು ಪಲ್ಲಟ ಗಮನಕ್ಕೆ ಬರಲಿಲ್ಲ. ಗಣಕದಲ್ಲಿ ಪುಸ್ತಕ ಮರಳಿದ ಮೇಲೆ ಜೋಡಿ ಬಿಡಿಸಿಕೊಳ್ಳುವುದಿಲ್ಲ. ಆ ವ್ಯವಹಾರ ಹಳೆಯ ವ್ಯವಹಾರಗಳ ಕೋಷ್ಟಕಕ್ಕೆ ಹೋಗಿ ಕೂರುತ್ತದೆ. ಅಂದರೆ ಗ್ರಂಥಾಲಯ ಅತ್ಯಾಧುನಿಕವಾದ ದಿನವೇ ಹಳೆಯ ಉದ್ರಿ ಖಾತೆಯ ಪುಸ್ತಕಕ್ಕೆ ಮರಳಿತು. ಕೋಹಾದಂಥ ತಂತ್ರಾಂಶದಲ್ಲಿ ಓದುಗನ ಹೆಸರನ್ನು ಹಳೆಯ ವ್ಯವಹಾರದಿಂದ ಅಳಿಸಿ, ಅನಾಮಿಕ ಸದಸ್ಯನೊಬ್ಬನ ಹೆಸರಿಗೆ ಬದಲಾಯಿಸುವ ಏರ್ಪಾಡು ಇದೆ. ಓದುಗನೇ ತನ್ನ ಓದಿನ ದಾಖಲೆ ಉಳಿಯಬೇಕೇ ಬೇಡವೇ ಎಂದು ಆರಿಸಿಕೊಳ್ಳುವ ಅವಕಾಶವನ್ನೂ ಅದರಲ್ಲಿ ತೆರೆಯಬಹುದು. ಆದರೆ ಅದನ್ನು ಯಾರಾದರೂ ಚಾಲೂ ಮಾಡಬೇಕು. ಬ್ರೌನ್ ಪದ್ಧತಿಯಲ್ಲಿ ಮರೆಯುವುದು ಸಹಜವಾಗಿತ್ತು, ಉಳಿಸಲು ಶ್ರಮ ಬೇಕಿತ್ತು. ಈಗ ಉಳಿಯುವುದು ಸಹಜ, ಮರೆಯಲು ಶ್ರಮ ಬೇಕು.

ಈ ದಾಖಲೆಯನ್ನು ಕೇಳುವವರೂ ಹೆಚ್ಚಿದರು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ನ್ಯಾಕ್, 2017ರ ಪರಿಷ್ಕೃತ ಕೈಪಿಡಿಯಲ್ಲಿ ದಿನವೊಂದಕ್ಕೆ ಎಷ್ಟು ಶಿಕ್ಷಕರು, ವಿದ್ಯಾರ್ಥಿಗಳು ಗ್ರಂಥಾಲಯ ಬಳಸುತ್ತಾರೆ ಎಂಬ ಅಂಕಿಯನ್ನು ಕೇಳಿತು. ಬೇಕಿದ್ದದ್ದು ಸಂಖ್ಯೆ. ಆದರೆ ಸಂಖ್ಯೆಗೆ ಪುರಾವೆಯೆಂದು ಪ್ರವೇಶ ದಾಖಲೆಯ ಪುಟಗಳನ್ನೇ ಸ್ಕ್ಯಾನ್ ಮಾಡಿ, ಹೆಸರು, ತರಗತಿ, ಬಂದ ವೇಳೆ, ಸಹಿ ಸಮೇತ ಕಾಲೇಜಿನ ಜಾಲತಾಣಕ್ಕೆ ಏರಿಸುವ ರೂಢಿ ಬೆಳೆಯಿತು. ಯಾವ ಕೆಟ್ಟ ಉದ್ದೇಶವೂ ಇದರ ಹಿಂದೆ ಇಲ್ಲ. ‘ದಾಖಲೆ ತೋರಿಸಿ’ ಎಂದಾಗ ಇರುವ ದಾಖಲೆ ತೋರಿಸಿದರು, ಅಷ್ಟೆ. ಆ ಹಾಳೆಯಲ್ಲಿ ಸಹಿ ಹಾಕಿದ ವಿದ್ಯಾರ್ಥಿನಿಗೆ ತಾನು ಮಂಗಳವಾರ ಮಧ್ಯಾಹ್ನ ತರಗತಿಯಲ್ಲಿರದೆ ವಾಚನಾಲಯದಲ್ಲಿದ್ದೆನೆಂಬುದು ಜಗತ್ತಿಗೇ ತೆರೆದಿದೆಯೆಂದು ಯಾರೂ ಹೇಳಿರುವುದಿಲ್ಲ.

ಹೊರದೇಶಗಳಲ್ಲಿ ಈ ವಿಶ್ಲೇಷಣೆ ಇನ್ನೂ ಮುಂದೆ ಹೋಗಿದೆ. ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ ವಿಶ್ವವಿದ್ಯಾಲಯದ 2011ರ ಸುಮಾರಿನ ಯೋಜನೆಯೊಂದು ಮತ್ತು ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ 2013ರ ಅಧ್ಯಯನ ಗ್ರಂಥಾಲಯ ಬಳಕೆಗೂ ವಿದ್ಯಾರ್ಥಿಗಳ ಶೈಕ್ಷಣಿಕ ಸಾಧನೆಗೂ ಸಂಬಂಧ ಕಂಡುಕೊಂಡವು. ಇಂಥ ಅಧ್ಯಯನಗಳಿಂದ ಗ್ರಂಥಾಲಯಗಳಿಗೆ ಅನುದಾನ ಕೇಳುವ ಬಲ ಬರುತ್ತದೆ ಎಂಬುದು ನಿಜ. ಮನೆಯಲ್ಲಿ ಮೊದಲ ಬಾರಿಗೆ ಪದವಿ ಓದುತ್ತಿರುವ ಮಕ್ಕಳು ತುಂಬಿರುವ ಕುಷ್ಟಗಿ, ಯಲಬುರ್ಗಾದ ಕಾಲೇಜುಗಳಲ್ಲಿ ಯಾವ ಪುಸ್ತಕ ಸಾಲದು, ಯಾವುದು ಧೂಳು ಹಿಡಿದಿದೆ ಎಂದು ತಿಳಿಯುವುದು ಅಗತ್ಯ. ಆದ್ದರಿಂದ ಎಣಿಕೆಯನ್ನೇ ನಿಲ್ಲಿಸಬೇಕೆನ್ನುವ ವಾದ ಬಡವರ ವಿರುದ್ಧದ ವಾದವಾಗುತ್ತದೆ. ಯಾರು ಎಂಬುದನ್ನು ಬಿಟ್ಟು ಎಷ್ಟು ಎಂಬುದನ್ನು ಎಣಿಸಲು ಸಾಧ್ಯವೇ ಎಂಬುದೇ ಇಲ್ಲಿರುವ ಪ್ರಶ್ನೆ.

ಕಿನ್ನಾಳದಂಥ ಊರಿನ ಲೆಕ್ಕ

ಇಲ್ಲಿ ಕಿನ್ನಾಳ ಮತ್ತೆ ಮುಖ್ಯವಾಗುತ್ತದೆ. ದತ್ತಾಂಶದಿಂದ ಹೆಸರು ತೆಗೆದರೆ ಗುರುತು ಅಳಿಯಿತು ಎಂಬ ನಂಬಿಕೆ ದೊಡ್ಡ ನಗರಗಳ ವಿಷಯದಲ್ಲೇ ಹುಸಿಯಾಗಿದೆ. ಅಂಚೆ ವಲಯ, ಹುಟ್ಟಿದ ದಿನ, ಲಿಂಗ ಈ ಮೂರರಿಂದಲೇ ಅಮೆರಿಕದ ಶೇ. 87ರಷ್ಟು ಜನರನ್ನು ಪ್ರತ್ಯೇಕವಾಗಿ ಗುರುತಿಸಬಹುದೆಂದು ಲಟಾನ್ಯಾ ಸ್ವೀನಿ 2000ರಲ್ಲಿ ತೋರಿಸಿದರು. 2006ರಲ್ಲಿ ಎ.ಒ.ಎಲ್. ಸಂಸ್ಥೆ ಸಂಶೋಧನೆಗೆಂದು ಹೆಸರಿಲ್ಲದೆ ಬಿಡುಗಡೆ ಮಾಡಿದ ಸುಮಾರು 6,50,000 ಬಳಕೆದಾರರ ಹುಡುಕಾಟದ ದಾಖಲೆಗಳಿಂದ ಪತ್ರಕರ್ತರು ಕೆಲವೇ ದಿನಗಳಲ್ಲಿ ಒಬ್ಬ ವೃದ್ಧೆಯ ಮನೆ ಬಾಗಿಲಿಗೆ ಹೋಗಿ ನಿಂತರು. ಅವರು ಏನನ್ನು ಹುಡುಕಿದ್ದರೋ ಅದೇ ಅವರ ವಿಳಾಸವಾಯಿತು.

ಸಣ್ಣ ಊರಿಗೆ ಅಷ್ಟು ಕಷ್ಟವೂ ಬೇಡ. ಒಂದು ವಿಶ್ವವಿದ್ಯಾಲಯ ಗ್ರಂಥಾಲಯ ತನ್ನ ವಾರ್ಷಿಕ ವರದಿಯಲ್ಲಿ ಸದಸ್ಯರ ಊರು, ಪ್ರವರ್ಗ, ಲಿಂಗ ಮತ್ತು ವಿಷಯವಾರು ಎರವಲುಗಳ ಕೋಷ್ಟಕ ಕೊಟ್ಟಿದೆಯೆಂದು ಭಾವಿಸೋಣ. ಹೆಸರುಗಳಿಲ್ಲ. ಕಿನ್ನಾಳ ಎಂಬ ಸಾಲಿನಲ್ಲಿ ಮಹಿಳೆ ಎಂಬ ಅಂಕಣದಲ್ಲಿ ‘1’ ಎಂದಿದ್ದರೆ, ಆ ‘1’ ಯಾರೆಂದು ಕಿನ್ನಾಳದಲ್ಲಿ ತಿಳಿಯದವರಿಲ್ಲ. ಆ ಊರಿನಿಂದ ಸ್ನಾತಕೋತ್ತರ ಓದಲು ಹೋದ ಚಿತ್ರಗಾರರ ಹುಡುಗಿ ಯಾರ ಮಗಳು, ಯಾವ ಬಸ್ಸಿಗೆ ಹೋಗುತ್ತಾಳೆ ಎಂಬುದು ಓಣಿಗೆಲ್ಲ ಗೊತ್ತು. ಅವಳು ಕರಕುಶಲದ ಪುಸ್ತಕ ಓದಿದರೆ ಊರು ಮೆಚ್ಚುತ್ತದೆ. ಬೇರೆ ಜಾತಿಯ ಮದುವೆಯ ಕಾನೂನು, ಗರ್ಭನಿರೋಧ, ಮನೋರೋಗದ ಪುಸ್ತಕ ಓದಿದರೆ? ಕೊಪ್ಪಳ ಜಿಲ್ಲೆಯಲ್ಲಿ ಮಾಜಿ ದೇವದಾಸಿಯರ ಕುಟುಂಬಗಳಿವೆ, 1982ರ ನಿಷೇಧ ಶಾಸನದ ನಂತರ ಶಾಲೆ ಹತ್ತಿದ ಅವರ ಮಕ್ಕಳು ಈಗ ವಿಶ್ವವಿದ್ಯಾಲಯಗಳನ್ನು ಮುಟ್ಟಿದ್ದಾರೆ. ತನ್ನ ತಾಯಿಯ ಬದುಕನ್ನು ಅರಿಯಲು ಆ ವಿಷಯದ ಮೂರು ಪುಸ್ತಕ ಒಯ್ದ ವಿದ್ಯಾರ್ಥಿಯ ಎರವಲು ಪಟ್ಟಿ, ಆತ ಸಹಪಾಠಿಗಳಿಗೆ ಹೇಳದ ಸಂಗತಿಯನ್ನು ಹೇಳಿಬಿಡುತ್ತದೆ. 371-ಜೆ ವಿಧಿಯ ಸೌಲಭ್ಯಕ್ಕಾಗಿ, ವಿದ್ಯಾರ್ಥಿವೇತನಕ್ಕಾಗಿ ಊರು, ಜಾತಿ, ಆದಾಯಗಳನ್ನು ವಿದ್ಯಾರ್ಥಿಗಳು ಸಂಸ್ಥೆಗೆ ಕೊಡಲೇಬೇಕು. ಆ ಕಡತ ಮತ್ತು ಗ್ರಂಥಾಲಯದ ಕಡತ ಒಂದೇ ನೋಂದಣಿ ಸಂಖ್ಯೆಯಿಂದ ಬೆಸೆದುಕೊಂಡಾಗ ಅಪಾಯ ಇಮ್ಮಡಿಸುತ್ತದೆ.

ಜನಗಣತಿ ಈ ಸಮಸ್ಯೆಯನ್ನು ಬಹಳ ಹಿಂದೆಯೇ ಎದುರಿಸಿತ್ತು. 1948ರ ಜನಗಣತಿ ಕಾಯಿದೆಯ 15ನೆಯ ಪ್ರಕರಣದ ಪ್ರಕಾರ ಗಣತಿಯ ಮೂಲ ದಾಖಲೆಗಳನ್ನು ಯಾರೂ ಪರಿಶೀಲಿಸುವಂತಿಲ್ಲ, ಸಾಮಾನ್ಯವಾಗಿ ಅವು ನ್ಯಾಯಾಲಯದಲ್ಲಿ ಸಾಕ್ಷ್ಯವೂ ಆಗುವುದಿಲ್ಲ. ಒಂದು ಕುಟುಂಬದಲ್ಲಿ ಎಷ್ಟು ಜನರಿದ್ದಾರೆ ಎಂಬುದಕ್ಕೆ ಇರುವ ಈ ರಕ್ಷಣೆ, ಆ ಕುಟುಂಬದ ಮಗಳು ಏನು ಓದಿದಳು ಎಂಬುದಕ್ಕೆ ಇಲ್ಲ.

ಜಾನಪದ ಅಧ್ಯಯನವೂ ಈ ವಿಚಾರದಲ್ಲಿ ತನ್ನನ್ನು ತಾನು ನೋಡಿಕೊಳ್ಳಬೇಕಾಗಿದೆ. ಆರಂಭದ ಸಂಗ್ರಹಗಳಲ್ಲಿ ಹಾಡಿದವರ ಹೆಸರು ಬಹುಮಟ್ಟಿಗೆ ಕಾಣೆಯಾಗಿತ್ತು. ‘ಜನಪದ’ ಎಂಬ ಸಮೂಹವಾಚಕದಲ್ಲಿ ವ್ಯಕ್ತಿ ಕರಗಿಹೋಗಿದ್ದ. ವಕ್ತೃಗಳ ಹೆಸರು, ವಯಸ್ಸು, ಜಾತಿ, ಊರುಗಳನ್ನು ಅನುಬಂಧದಲ್ಲಿ ಕೊಡುವ ಪದ್ಧತಿ ಆ ಅನ್ಯಾಯಕ್ಕೆ ಉತ್ತರವಾಗಿ ಬೆಳೆಯಿತು. ಅದು ಗೌರವದ ಕ್ರಮ. ಆದರೆ ಆ ಅನುಬಂಧವನ್ನು ಬರೆದದ್ದು ವಿಭಾಗದ ಕಪಾಟಿನಲ್ಲಿ ಎರಡು ಪ್ರತಿ ಇರುವ ಮಹಾಪ್ರಬಂಧಕ್ಕಾಗಿ. ಯುಜಿಸಿಯ 2009ರ ನಿಯಮಾವಳಿಯ ನಂತರ ಮಹಾಪ್ರಬಂಧಗಳು ಶೋಧಗಂಗಾ ಭಂಡಾರಕ್ಕೆ ಸೇರತೊಡಗಿದಾಗ, ಪಟ್ಟಿಗಳೂ ಅವುಗಳೊಂದಿಗೆ ಹೋದವು. ಗರುಡನನ್ನೋ ಮುಖವಾಡವನ್ನೋ ತೊಟ್ಟಿಲನ್ನೋ ಮಾಡಿದ ಕಲಾವಿದನಿಗೆ ತನ್ನ ಹೆಸರು ಎಲ್ಲೆಡೆ ಕಾಣಬೇಕೆಂಬ ಆಸೆ ಇರುವುದು ನ್ಯಾಯ. ಜಗಳ, ರೋಗ, ಹಾದರ, ಮಾಟಗಳ ಕಥೆಯನ್ನು ನಂಬಿ ಹೇಳಿದ ಮುದುಕಿಗೆ ಆ ಆಸೆ ಇತ್ತೆಂದು ಊಹಿಸಲಾಗದು. ಹೆಸರು ಹೇಳುವುದೂ ಗೌರವ, ಹೆಸರು ಬಿಡುವುದೂ ಗೌರವ. ಯಾವುದು ಎಲ್ಲಿ ಎಂಬುದನ್ನು ಸಂಬಂಧಪಟ್ಟವರನ್ನೇ ಕೇಳಿ ತಿಳಿಯಬೇಕು. ಓದುಗರ ದಾಖಲೆಯ ವಿಷಯದಲ್ಲಿ ಗ್ರಂಥಪಾಲಕರಿಗೆ ಕೇಳಬೇಕಾದ ಪ್ರಶ್ನೆಯನ್ನು ಜಾನಪದ ಸಂಶೋಧಕರು ಮೊದಲು ತಮಗೆ ಕೇಳಿಕೊಳ್ಳಬೇಕು.

ಕಾನೂನು ಮತ್ತು ಅದರ ಸಂದುಗಳು

ಓದಿದ್ದೇ ಅಪರಾಧದ ಸುಳಿವಾಗುವ ಭಯ ಕಲ್ಪಿತವಲ್ಲ. 2012ರ ಮಾರ್ಚ್‌ನಲ್ಲಿ ಮಂಗಳೂರು ವಿಶ್ವವಿದ್ಯಾಲಯದ ಪತ್ರಿಕೋದ್ಯಮ ವಿದ್ಯಾರ್ಥಿಯೊಬ್ಬರನ್ನೂ ಅವರ ತಂದೆಯನ್ನೂ ನಕ್ಸಲ್ ನಂಟಿನ ಆರೋಪದ ಮೇಲೆ ಬಂಧಿಸಲಾಯಿತು. ಪೊಲೀಸರು ವಶಪಡಿಸಿಕೊಂಡು ಮುಂದಿಟ್ಟ ವಸ್ತುಗಳಲ್ಲಿ ಭಗತ್ ಸಿಂಗ್ ಕುರಿತ ಪುಸ್ತಕ, ಪತ್ರಿಕೆಯ ತುಣುಕುಗಳೂ ಇದ್ದವು. 2021ರ ಅಕ್ಟೋಬರ್‌ನಲ್ಲಿ ಮಂಗಳೂರಿನ ಜಿಲ್ಲಾ ನ್ಯಾಯಾಲಯ ಇಬ್ಬರನ್ನೂ ಖುಲಾಸೆಗೊಳಿಸಿ, ಇಂಥ ಪುಸ್ತಕ ಇಟ್ಟುಕೊಳ್ಳುವುದನ್ನಾಗಲಿ ಪತ್ರಿಕೆ ಓದುವುದನ್ನಾಗಲಿ ಕಾನೂನು ನಿಷೇಧಿಸಿಲ್ಲವೆಂದು ಹೇಳಿತು. ಆ ಮಾತು ಬರಲು ಒಂಬತ್ತು ವರ್ಷ ಮೀರಿ ಬೇಕಾಯಿತು. ಇಲ್ಲಿ ಪುರಾವೆಯಾಗಿ ಬಂದದ್ದು ಗ್ರಂಥಾಲಯದ ಕಡತವಲ್ಲ, ವಿದ್ಯಾರ್ಥಿಯ ಬಳಿ ಇದ್ದ ಪುಸ್ತಕ. ಆದರೆ ಓದಿನ ಪಟ್ಟಿ ಸಿದ್ಧವಾಗಿ ಗಣಕದಲ್ಲಿ ಇದ್ದರೆ ಮುಂದಿನ ಸಲ ಕೊಠಡಿ ಶೋಧಿಸುವ ಅಗತ್ಯವೂ ಬೀಳದು.

ಖಾಸಗಿತನ ಮೂಲಭೂತ ಹಕ್ಕು ಎಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪಿತ್ತಿತು. ಆ ಮೊಕದ್ದಮೆಗೆ ಹೆಸರಾದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅವರು 2012ರಲ್ಲಿ ಅರ್ಜಿ ಹಾಕಿದ್ದರು. ದೊರೆಯ ಜಮೀನಿಗೆ ಅಂಟಿದ್ದ ಒಂದು ಪದ ಪ್ರಜೆಯ ಹಕ್ಕಾದದ್ದು ಹೀಗೆ.

ತೀರ್ಪಿನ ಬೆನ್ನಿಗೆ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಗ್ರಂಥಾಲಯಗಳನ್ನು ಹೆಸರಿಸುವುದಿಲ್ಲ, ಆದರೆ ಅವನ್ನು ಒಳಗೊಳ್ಳುತ್ತದೆ. 2025ರ ನವೆಂಬರ್‌ನಲ್ಲಿ ಅದರ ನಿಯಮಗಳು ಪ್ರಕಟವಾದವು; ಮುಖ್ಯ ಕಟ್ಟುಪಾಡುಗಳ ಜಾರಿಗೆ 18 ತಿಂಗಳ ಕಾಲಾವಕಾಶ ಕೊಡಲಾಯಿತು. ಕಾಯಿದೆಯನ್ನು ಗ್ರಂಥಾಲಯದ ಕಣ್ಣಿನಿಂದ ಓದಿದಾಗ ಮೂರು ಸಂದುಗಳು ಕಾಣುತ್ತವೆ. ಅದು ಅನ್ವಯಿಸುವುದು ಡಿಜಿಟಲ್ ರೂಪದ ಅಥವಾ ಆ ರೂಪಕ್ಕೆ ತಂದ ದತ್ತಾಂಶಕ್ಕೆ ಮಾತ್ರ. ಬಾಗಿಲ ಬಳಿಯ ಪ್ರವೇಶ ದಾಖಲೆ ಕಾಗದದಲ್ಲಿರುವವರೆಗೆ ಕಾಯಿದೆಯ ಹೊರಗೆ, ಸ್ಕ್ಯಾನ್ ಆದ ಕ್ಷಣ ಒಳಗೆ. ಸಂಶೋಧನೆ, ದಾಖಲೆ ಸಂರಕ್ಷಣೆ, ಅಂಕಿಅಂಶದ ಉದ್ದೇಶಗಳಿಗೆ 17ನೆಯ ಪ್ರಕರಣ ವಿನಾಯಿತಿ ನೀಡುತ್ತದೆ. ಆದರೆ ಆ ದತ್ತಾಂಶದಿಂದ ನಿರ್ದಿಷ್ಟ ವ್ಯಕ್ತಿಯ ಬಗ್ಗೆ ನಿರ್ಧಾರ ತೆಗೆದುಕೊಳ್ಳಬಾರದು, ಗೊತ್ತುಪಡಿಸಿದ ಮಾನದಂಡ ಪಾಲಿಸಬೇಕು. ಹಾಗಾಗಿ ವರ್ಷದ ಒಟ್ಟು ಬಳಕೆಯನ್ನು ಅಧ್ಯಯನ ಮಾಡುವುದು ವಿನಾಯಿತಿಯ ಒಳಗೆ ಬರಬಹುದು. ಗ್ರಂಥಾಲಯಕ್ಕೆ ಬಾರದ ವಿದ್ಯಾರ್ಥಿಯ ಹೆಸರನ್ನು ವಿಭಾಗದ ಮುಖ್ಯಸ್ಥರಿಗೆ ಕಳಿಸಿ ವಿವರಣೆ ಕೇಳುವುದು ಬಾರದು.

ಮೂರನೆಯದೇ ಎಲ್ಲಕ್ಕಿಂತ ಭಾರವಾದದ್ದು. ಉದ್ದೇಶ ಮುಗಿದ ಮೇಲೆ ದತ್ತಾಂಶವನ್ನು ಅಳಿಸಬೇಕೆಂದು 8ನೆಯ ಪ್ರಕರಣ ಹೇಳುತ್ತದೆ. ಪುಸ್ತಕ ಮರಳಿ ಬಂದು ದಂಡ ತೀರಿದರೆ ಎರವಲಿನ ಉದ್ದೇಶ ಮುಗಿದಂತೆಯೇ. ಬ್ರೌನ್ ಪದ್ಧತಿಯ ಗುಣವೇ ಕಾಯಿದೆಯ ರೂಪದಲ್ಲಿ ಮರಳಿ ಬಂದಿತೆನ್ನಬಹುದಿತ್ತು. ಆದರೆ ಪ್ರಭುತ್ವಕ್ಕೂ ಅದರ ಅಂಗಸಂಸ್ಥೆಗಳಿಗೂ ಈ ಅಳಿಸುವ ಕಟ್ಟುಪಾಡು ಅನ್ವಯಿಸದೆಂದು 17ನೆಯ ಪ್ರಕರಣದ ನಾಲ್ಕನೆಯ ಉಪಪ್ರಕರಣ ಹೇಳಿಬಿಡುತ್ತದೆ. ಶಾಸನದಿಂದ ಸ್ಥಾಪಿತವಾದ ರಾಜ್ಯ ವಿಶ್ವವಿದ್ಯಾಲಯಗಳನ್ನು ನ್ಯಾಯಾಲಯಗಳು ಪ್ರಭುತ್ವದ ವ್ಯಾಪ್ತಿಯಲ್ಲೇ ಪರಿಗಣಿಸುತ್ತ ಬಂದಿವೆ. ಹೀಗೆ ನೋಡಿದರೆ, ಖಾಸಗಿ ವಿಶ್ವವಿದ್ಯಾಲಯದಲ್ಲಿ ಓದುವ ಉಳ್ಳವರ ಮಕ್ಕಳ ಎರವಲು ದಾಖಲೆಯನ್ನು ಅಳಿಸಲೇಬೇಕು, ಕೊಪ್ಪಳದ ಮಕ್ಕಳದನ್ನು ಅಳಿಸದೆ ಇಟ್ಟುಕೊಳ್ಳಬಹುದು. ಕಾಯಿದೆ ಮಾಡಿದವರಿಗೆ ಇದು ತೋಚಿರಲಾರದು, ಆದರೆ ಪರಿಣಾಮ ಅದೇ.

ಅಳಿಸಲೇಬೇಕೆಂಬ ಒತ್ತಾಯವಿಲ್ಲದಿದ್ದರೂ ಅಳಿಸಬಾರದೆಂಬ ನಿಷೇಧವೂ ಇಲ್ಲ. ವಿಶ್ವವಿದ್ಯಾಲಯದ ಗ್ರಂಥಾಲಯ ಸಮಿತಿ ಒಂದು ನಿರ್ಣಯದಿಂದ ಮಾಡಬಹುದಾದ ಕೆಲಸಗಳು ಹಲವಿವೆ. ಪುಸ್ತಕ ಮರಳಿ ದಂಡದ ಲೆಕ್ಕ ಮುಗಿದ ನಿರ್ದಿಷ್ಟ ದಿನಗಳ ನಂತರ ವ್ಯವಹಾರದಿಂದ ಸದಸ್ಯ ಸಂಖ್ಯೆಯನ್ನು ಕಳಚುವಂತೆ ತಂತ್ರಾಂಶವನ್ನು ಹೊಂದಿಸುವುದು. ಕಳಚುವ ಮೊದಲು ತರಗತಿ, ವಿಷಯಗಳ ಒಟ್ಟು ಎಣಿಕೆಯನ್ನು ಬೇರೆ ಇಟ್ಟುಕೊಳ್ಳುವುದು. ಹತ್ತಕ್ಕಿಂತ ಕಡಿಮೆ ಸಂಖ್ಯೆ ಬರುವ ಊರು, ಪ್ರವರ್ಗಗಳ ಸಾಲನ್ನು ತಾಲ್ಲೂಕಿನ ಸಾಲಿಗೆ ಸೇರಿಸಿ ಪ್ರಕಟಿಸುವುದು, ಅಂದರೆ ಕಿನ್ನಾಳದ ‘1’ ಕೊಪ್ಪಳ ತಾಲ್ಲೂಕಿನ ನೂರರಲ್ಲಿ ಒಂದಾಗುವಂತೆ ನೋಡಿಕೊಳ್ಳುವುದು. ಪ್ರವೇಶ ದಾಖಲೆಯಲ್ಲಿ ಹೆಸರಿನ ಬದಲು ತರಗತಿಗೊಂದು ಗೆರೆ ಎಳೆಯುವುದು. ನ್ಯಾಕ್‌ಗೆ ಪುಟದ ಬದಲು ಗ್ರಂಥಪಾಲಕರ ಸಹಿಯುಳ್ಳ ಮೊತ್ತವನ್ನು ಕೊಡುವುದು. ಪೊಲೀಸರೇ ಆಗಲಿ ಪೋಷಕರೇ ಆಗಲಿ ಒಬ್ಬರ ಓದಿನ ವಿವರ ಕೇಳಿದಾಗ ಲಿಖಿತ ಆದೇಶವಿಲ್ಲದೆ ಕೊಡಬಾರದೆಂದು ಕೌಂಟರಿನ ಸಹಾಯಕನಿಗೂ ತಿಳಿಯುವ ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸುವುದು. ಇವುಗಳಲ್ಲಿ ಕೊನೆಯದು ಮೊದಲು ಆಗಬೇಕಾದದ್ದು. ತಂತ್ರಾಂಶ ಹೊಂದಿಸುವವರು ಬೆಂಗಳೂರಿನಿಂದ ಬರಬೇಕಾಗುತ್ತದೆ, ಪೋಷಕರು ಪ್ರತಿ ಸೋಮವಾರ ಬರುತ್ತಾರೆ.

ಇಷ್ಟರ ಮೇಲೆ ಚರಿತ್ರೆಕಾರರ ಆಕ್ಷೇಪವೊಂದು ಉಳಿಯುತ್ತದೆ. 1867ರ ಕಾಯಿದೆಯ ಪಟ್ಟಿಗಳು ಉಳಿದಿದ್ದರಿಂದಲೇ ಪುಸ್ತಕದ ಚರಿತ್ರೆ ಬರೆಯಲು ಸಾಧ್ಯವಾಯಿತು. ಹಾಗೆಯೇ ಕೊಪ್ಪಳ ಸೀಮೆಯ ಮೊದಲ ತಲೆಮಾರಿನ ಓದುಗರ ಚರಿತ್ರೆ ಬರೆಯಲು ಮುಂದಿನವರಿಗೆ ಏನು ಉಳಿಯಬೇಕು? ಹೆಸರಿಲ್ಲದ ಒಟ್ಟು ಎಣಿಕೆಗಳು ಉಳಿಯುತ್ತವೆ, ದಿನಾಂಕದ ಚೀಟಿಗಳು ಉಳಿಯುತ್ತವೆ, ಒಪ್ಪಿ ಹೇಳುವ ಓದುಗರ ಬಾಯಿಮಾತು ಉಳಿಯುತ್ತದೆ. ಬಾಯಿಮಾತನ್ನು ಕೇಳಿ ಬರೆದುಕೊಳ್ಳುವ ವಿದ್ಯೆಯಂತೂ ಜಾನಪದ ವಿಭಾಗಗಳಿಗೆ ಹೊಸದಲ್ಲ. ಕಿನ್ನಾಳದ ಚಿತ್ರಗಾರರ ಮನೆಯ ಹೆಣ್ಣುಮಕ್ಕಳು ಏನು ಕಲಿತರು, ಏನು ಓದಿದರು ಎಂಬುದನ್ನು ಅವರನ್ನೇ ಕೇಳಿ, ಅವರು ಹೇಳಬಯಸಿದಷ್ಟನ್ನು ದಾಖಲಿಸುವ ಕ್ಷೇತ್ರಕಾರ್ಯ ಇನ್ನು ಆಗಬೇಕಾಗಿದೆ.